ದಂಡು ಎದ್ದು ಹೋದ ನೆಲ

ನಮ್ಮ ಅಜ್ಜ ಲಿಂಗಸುಗೂರನ್ನು ಲಿಂಗಸುಗೂರು ಎಂದು ಕರೆದದ್ದನ್ನು ನಾನು ಕೇಳಲೇ ಇಲ್ಲ. ಅವನ ಬಾಯಲ್ಲಿ ಅದು ಯಾವಾಗಲೂ 'ಛಾವಣಿ'. "ನಮ್ಮಪ್ಪನ ಕಾಲಕ್ಕ ಛಾವಣಿಗೆ ಹೋಗಿ ಬರೂದಂದ್ರ ನಾಕ ದಿನದ ಬುತ್ತಿ ಕಟಗೊಂಡು ಹೋಗಬೇಕಾಗಿತ್ತು ನೋಡಪ" ಎನ್ನುತ್ತಿದ್ದ. ಕುಷ್ಟಗಿಯಿಂದ ತಾವರಗೇರಾ, ಅಲ್ಲಿಂದ ಮುದಗಲ್, ಮುದಗಲ್ ದಾಟಿ ಛಾವಣಿ. ಹೊಲದ ವ್ಯಾಜ್ಯವಿದ್ದರೆ, ಕಂದಾಯದ ತಕರಾರಿದ್ದರೆ, ದೊಡ್ಡ ಸಾಹೇಬರ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾದರೆ ಬಂಡಿ ಕಟ್ಟಿಕೊಂಡು ಅಲ್ಲಿಗೇ ಹೋಗಬೇಕು. ಹುಡುಗನಾಗಿದ್ದ ನನಗೆ ಛಾವಣಿ ಎಂದರೆ ಕಚೇರಿ ಎಂದೇ ಅರ್ಥ. ಅದು ಸೈನ್ಯದ ಮಾತು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳನ್ನು ರಾಯಚೂರಿನಿಂದ ಬಿಡಿಸಿ 1997ರಲ್ಲಿ ಕೊಪ್ಪಳ ಜಿಲ್ಲೆ ಮಾಡಿದರು. ಜಿಲ್ಲೆಯ ನೆನಪಿಗಾಗಿ ಹೊರಡುವ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಅಶೋಕನ ಶಾಸನ, ಇಟಗಿಯ ಗುಡಿ, ಗವಿಮಠ, ತುಂಗಭದ್ರೆಯ ಅಣೆಕಟ್ಟು ಬರುತ್ತವೆ. ಬರಲೇಬೇಕು. ನಾನು ಹೇಳಹೊರಟಿದ್ದು ಇನ್ನೊಂದು ಕಥೆ. ಈ ಸೀಮೆಯ ಊರುಗಳಲ್ಲಿ ಎಷ್ಟೋ ಊರುಗಳು ಸೈನ್ಯ ಬಿಟ್ಟುಹೋದ ನೆಲದ ಮೇಲೆ ನಿಂತಿವೆ. ಕೋಟೆಯೊಳಗೆ ಓಣಿಗಳಾದವು, ಕವಾಯತಿನ ಬಯಲಿನ ಸುತ್ತ ಕಚೇರಿಗಳಾದವು, ಹುಡೇವು ಎಂಬ ಕಾವಲು ಬುರುಜಿನ ಬುಡದಲ್ಲಿ ಸಂತೆ ಕೂಡಿತು. ಆ ನೆಲ ಹೇಗೆ ಊರಾಯಿತು, ಯಾರು ಅದನ್ನು ಊರು ಮಾಡಿದರು ಎಂಬುದೇ ನಮ್ಮ ಆಡಳಿತ ಚರಿತ್ರೆಯ ಅರ್ಧ ಭಾಗ.

ಛಾವಣಿಯಿಂದಲೇ ಶುರು ಮಾಡುತ್ತೇನೆ. ಮನೆಯ ಮೇಲ್ಭಾಗಕ್ಕೆ ನಾವು ಚಾವಣಿ ಎನ್ನುತ್ತೇವೆ. ದಂಡು ಇಳಿದ ಜಾಗಕ್ಕೆ ಛಾವಣಿ ಎನ್ನುತ್ತೇವೆ. ಎರಡರ ಬೇರೂ ಒಂದೇ, ಹೊದಿಸುವುದು ಎಂಬ ಅರ್ಥದ ಮಾತು. ಡೇರೆ ಹಾಕಿಕೊಂಡು ತಿರುಗುವ ಸೈನ್ಯ ಒಂದು ಕಡೆ ನಿಂತು ಹುಲ್ಲಿನ ಮಾಡು ಹೊದಿಸಿಕೊಂಡರೆ ಅದು ಛಾವಣಿ. ಬೆಂಗಳೂರಿನವರು ಇದಕ್ಕೆ ದಂಡು ಅಂದರು, ಬಳ್ಳಾರಿಯವರು ಕಂಟೋನ್ಮೆಂಟ್ ಅಂದರು, ಬೆಳಗಾವಿಯವರು ಕ್ಯಾಂಪ್ ಅಂದರು. ನಿಜಾಮರ ಸೀಮೆಯ ನಮಗೆ ಛಾವಣಿಯೇ ಬಾಯಿಗೆ ಬಂದ ಮಾತು.

ಲಿಂಗಸುಗೂರಿನಲ್ಲಿ ಬೀಡುಬಿಟ್ಟಿದ್ದು ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯ. ಹೆಸರು ನಿಜಾಮನದು, ಖರ್ಚೂ ನಿಜಾಮನದು, ಅಧಿಕಾರಿಗಳು ಮಾತ್ರ ಇಂಗ್ಲಿಷರು. ಈ ಸೈನ್ಯದ ಸಂಬಳ ಕೊಡಲಾಗದೆ ಸಾಲ ಬೆಳೆದು ಬೆಳೆದು 1853ರ ಮೇ ತಿಂಗಳಲ್ಲಿ ಒಂದು ಒಪ್ಪಂದವಾಯಿತು. ಬೇರಾರ್, ಧಾರಾಶಿವ್ ಮತ್ತು ರಾಯಚೂರು ದೋಆಬ್ ಸೀಮೆಗಳ ಹುಟ್ಟುವಳಿಯನ್ನು ನಿಜಾಮ ಇಂಗ್ಲಿಷರಿಗೆ ಒಪ್ಪಿಸಿದ. ಅದರಲ್ಲಿ 5,000 ಕಾಲಾಳು, 2,000 ಕುದುರೆ ಸವಾರರು, 4 ತೋಪಿನ ದಳಗಳನ್ನು ಸಾಕಬೇಕು ಎಂದು ಗೊತ್ತಾಯಿತು. ಕೃಷ್ಣೆ ತುಂಗಭದ್ರೆಯರ ನಡುವಿನ ಎರೆ ಹೊಲದ ರೈತ ಕೊಟ್ಟ ಕಂದಾಯ ಹೀಗೆ ನೇರವಾಗಿ ಸಿಪಾಯಿಯ ಸಂಬಳವಾಯಿತು. ಕುಷ್ಟಗಿಯ ಜೋಳಕ್ಕೂ ಛಾವಣಿಯ ಕಹಳೆಗೂ ಇದ್ದ ನಂಟು ಇದು. 1860ರಲ್ಲಿ ದೋಆಬ್ ಸೀಮೆ ನಿಜಾಮನಿಗೆ ಮರಳಿ ಬಂತು.

ಆ ನಡುವೆ ಈ ಛಾವಣಿ ಚರಿತ್ರೆಯಲ್ಲಿ ಒಂದು ಕರಾಳ ಕೆಲಸಕ್ಕೂ ಬಳಕೆಯಾಯಿತು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಮೇಲೆ ಹೊರಟ ತುಕಡಿಗಳಲ್ಲಿ ಒಂದು ಲಿಂಗಸುಗೂರಿನಿಂದಲೇ ಹೊರಟಿತು. ಎಳೆಯ ವಯಸ್ಸಿನ ಆ ದೊರೆಯನ್ನು ಚಿಕ್ಕಂದಿನಿಂದ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಕೂಡ ನಿಜಾಮನ ಸೈನ್ಯದಲ್ಲಿ ಬೆಳೆದ ಅಧಿಕಾರಿಯೇ. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಮನೆ ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿ ನಿಂತಿದೆ.

ಛಾವಣಿ ಎಂದರೆ ಬರೀ ಸಿಪಾಯಿಗಳ ವಸತಿ ಅಲ್ಲ. ಕವಾಯತು ಮೈದಾನ, ಸಿಪಾಯಿಗಳ ಸಾಲುಮನೆ, ದೂರದೂರ ನಿಂತ ಸಾಹೇಬರ ಬಂಗಲೆ, ಮದ್ದಿನ ಮನೆ, ದವಾಖಾನೆ, ಕುದುರೆ ಲಾಯ, ಊರ ಹೊರಗೊಂದು ಗೋರಿಗಳ ತೋಟ, ಇಷ್ಟಕ್ಕೂ ಅಂಟಿಕೊಂಡು ಸದರ ಬಜಾರು. ಕಂಟಿಂಜೆಂಟಿನ ಛಾವಣಿಗಳಲ್ಲಿ ಈ ಬಜಾರಿಗೆ ಹೆಚ್ಚಿನ ಜೀವ ಇದ್ದದ್ದಕ್ಕೆ ಕಾರಣವಿದೆ. ಅಲ್ಲಿಯ ಕುದುರೆ ದಳ ಸಿಲ್ಹೇದಾರಿ ಪದ್ಧತಿಯದು. ಸವಾರ ತನ್ನ ಕುದುರೆಯನ್ನು ತಾನೇ ತರಬೇಕು, ಅದರ ಜೀನು, ಲಗಾಮು, ಹುಲ್ಲು, ಹುರುಳಿ ಎಲ್ಲಾ ಅವನ ಸಂಬಳದಲ್ಲೇ ನೀಗಬೇಕು. ಕುದುರೆ ಸತ್ತರೆ ಸಾಹುಕಾರನ ಬಾಗಿಲಿಗೆ ಹೋಗಬೇಕು. ಅಂದಮೇಲೆ ಛಾವಣಿಯ ಸುತ್ತ ಲಾಳ ಹೊಡೆಯುವವರು, ಜೀನು ಹೊಲಿಯುವವರು, ಹುಲ್ಲಿನ ಹೊರೆ ಮಾರುವ ಹೆಣ್ಣುಮಕ್ಕಳು, ಕಾಳುಕಡಿಯ ವ್ಯಾಪಾರಿಗಳು, ಬಡ್ಡಿ ಸಾಹುಕಾರರು, ದರ್ಜಿಗಳು ಎಲ್ಲರೂ ಬೇಕಾದರು. ಸುತ್ತಣ ಹಳ್ಳಿಗಳಿಂದ ಬಂದರು, ದೂರದ ಉತ್ತರದಿಂದಲೂ ಬಂದರು. ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗು ಒಂದೇ ಬೀದಿಯಲ್ಲಿ ಕೇಳತೊಡಗಿದವು. ದಂಡಿನ ಆಜ್ಞೆಯಿಂದ ಹುಟ್ಟಿದ ಜಾಗದಲ್ಲಿ ದಂಡಿಗಿಂತ ಬಜಾರೇ ಆಳವಾಗಿ ಬೇರುಬಿಟ್ಟಿತು. ನನ್ನ ಲೆಕ್ಕದಲ್ಲಿ ಊರು ಹುಟ್ಟಿದ್ದು ಆವಾಗಲೇ, ಬೇರೆ ಊರಿನಿಂದ ಬಂದ ದರ್ಜಿ ತನ್ನ ಹೆಂಡತಿ ಮಕ್ಕಳನ್ನು ಕರೆತಂದು ಅಲ್ಲೇ ಬಿಡಾರ ಹೂಡಿದ ದಿನ.

ಹಳೆಯ ಊರು ಅಲ್ಲೇ ಪಕ್ಕದಲ್ಲಿತ್ತು. ಅದಕ್ಕೆ ಕಸಬಾ ಲಿಂಗಸುಗೂರು ಎಂಬ ಹೆಸರು ಇವತ್ತಿಗೂ ಇದೆ. ಕಸಬಾ ಎಂದರೆ ಪರಗಣದ ಮುಖ್ಯ ಊರು. ಆದರೆ ಇಂದು ಬಸ್ಸಿನ ಬೋರ್ಡಿನಲ್ಲಿ ಬರೀ ಲಿಂಗಸುಗೂರು ಎಂದು ಬರೆದಿದ್ದರೆ ಅದು ಕಸಬೆಗೆ ಹೋಗುವ ಬಸ್ಸಲ್ಲ, ಛಾವಣಿಗೆ ಹೋಗುವ ಬಸ್ಸು. ಹೊಸದಾಗಿ ಬಂದು ಕೂತ ನೆಲ ಹಳೆಯ ಊರಿನ ಹೆಸರನ್ನೇ ತೆಗೆದುಕೊಂಡಿತು, ಹಳೆಯ ಊರು ಕಸಬಾ ಎಂಬ ಬಿರುದನ್ನು ಮುಂದೆ ಇಟ್ಟುಕೊಂಡು ಬೇರೆಯಾಗಿ ಉಳಿಯಿತು.

1853ರ ಆ ಒಪ್ಪಂದದ ಕಾಲಕ್ಕೆ ದಿವಾನರಾಗಿದ್ದ ಸಿರಾಜ್ ಉಲ್ ಮುಲ್ಕ್ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಅವರ ಸೋದರನ ಮಗ, ಇಪ್ಪತ್ತನಾಲ್ಕರ ಹರೆಯದ ಮೊದಲನೇ ಸಾಲಾರಜಂಗ್. ಮೂವತ್ತು ವರ್ಷ ಅವರು ದಿವಾನಗಿರಿ ಮಾಡಿದರು. ಕಂದಾಯವನ್ನು ಗುತ್ತಿಗೆದಾರರ ಕೈಯಿಂದ ಬಿಡಿಸಿ, 1865ರಲ್ಲಿ ಜಿಲ್ಲಾಬಂದಿ ಎಂಬ ಹೆಸರಿನಲ್ಲಿ ಇಡೀ ರಾಜ್ಯವನ್ನು ಜಿಲ್ಲೆ ತಾಲೂಕುಗಳಾಗಿ ವಿಂಗಡಿಸಿ, ತಾಲೂಕುದಾರ, ತಹಸೀಲ್ದಾರ ಎಂಬ ಸಂಬಳದ ನೌಕರರನ್ನು ನೇಮಿಸಿದ್ದು ಅವರೇ. ಆಗ ಲಿಂಗಸುಗೂರು ಒಂದು ಜಿಲ್ಲೆಯಾಯಿತು. ಕುಷ್ಟಗಿ, ಗಂಗಾವತಿ, ಸಿಂಧನೂರು, ಶಹಾಪುರ, ಸುರಪುರ ತಾಲೂಕುಗಳು ಆ ಜಿಲ್ಲೆಗೆ ಸೇರಿದವು. ಮುದಗಲ್ಲಿನಂಥ ಇತಿಹಾಸದ ಕೋಟೆ ಪಕ್ಕದಲ್ಲೇ ಇತ್ತು. ಜಿಲ್ಲೆಯ ಪಟ್ಟ ಮಾತ್ರ ಛಾವಣಿಯ ಊರಿಗೆ ಸಿಕ್ಕಿತು. ಅಗಲ ರಸ್ತೆ, ಬಾವಿ, ಬಂಗಲೆ, ಬಜಾರು, ದವಾಖಾನೆ ಇರುವ ಕಡೆಗೆ ಕಚೇರಿ ಹೋಗುವುದು ಸಹಜ. ಗಂಗಾವತಿಯ ರೈತ ಕನಕಗಿರಿ ಹಾದು, ಕುಷ್ಟಗಿಯ ರೈತ ತಾವರಗೇರಾ ಹಾದು ನಡೆದದ್ದು ಈ ಕಾರಣಕ್ಕೆ.

ಛಾವಣಿಗೆ ಎರಡು ಸಲ ದಿಕ್ಕು ತಪ್ಪಿತು. 1903ರ ಹೊತ್ತಿಗೆ ಕಂಟಿಂಜೆಂಟ್ ಎಂಬ ಸೈನ್ಯವನ್ನೇ ಮುಗಿಸಿ ಭಾರತದ ಸೈನ್ಯದಲ್ಲಿ ಸೇರಿಸಿದರು. ಅದರ ಹಿಂದೆಯೇ 1905ರಲ್ಲಿ ಲಿಂಗಸುಗೂರು ಜಿಲ್ಲೆಯನ್ನೂ ರದ್ದು ಮಾಡಿ ಹಂಚಿಬಿಟ್ಟರು. ಕುಷ್ಟಗಿ, ಗಂಗಾವತಿ, ಸಿಂಧನೂರು, ಲಿಂಗಸುಗೂರು ರಾಯಚೂರಿಗೆ, ಶಹಾಪುರ ಸುರಪುರ ಗುಲ್ಬರ್ಗಾಕ್ಕೆ. ಸೈನ್ಯ ಕಟ್ಟಿದ ಊರಿಗೆ ಸೈನ್ಯವೂ ಇಲ್ಲ, ಜಿಲ್ಲೆಯೂ ಇಲ್ಲ. ಇಂಥ ಹೊತ್ತಿನಲ್ಲಿ ಎಷ್ಟೋ ಛಾವಣಿಗಳು ಬಯಲಾಗಿ ಹೋಗಿವೆ. ಲಿಂಗಸುಗೂರು ಹೋಗಲಿಲ್ಲ. ಬಜಾರು ಉಳಿದಿತ್ತು, ಸಂತೆ ಉಳಿದಿತ್ತು, ತಾಲೂಕು ಕಚೇರಿ ಉಳಿದಿತ್ತು. ಪಕ್ಕದ ಹಟ್ಟಿಯಲ್ಲಿ ಚಿನ್ನದ ಗಣಿ ಇತ್ತು. ಇಂದಿಗೂ ರಾಯಚೂರು ಜಿಲ್ಲೆಯ ಎರಡು ಉಪವಿಭಾಗಗಳಲ್ಲಿ ಒಂದರ ಕೇಂದ್ರ ಲಿಂಗಸುಗೂರೇ.

ಇತ್ತ ಕೊಪ್ಪಳ, ಯಲಬುರ್ಗಾದವರು ಛಾವಣಿಗೆ ಹೋಗಬೇಕಾಗಿರಲಿಲ್ಲ. ಅವು ಸಾಲಾರಜಂಗ್ ಮನೆತನದ ಜಾಗೀರು. ರಾಜ್ಯಕ್ಕೆಲ್ಲ ಜಿಲ್ಲಾಬಂದಿ ಮಾಡಿದ ದಿವಾನರ ಸ್ವಂತ ಜಾಗೀರಿನಲ್ಲಿ ಕೊಪ್ಪಳದ ಕೋಟೆ ಇತ್ತು. ಆ ಕೋಟೆಯ ಕಥೆ ನಮ್ಮ ಮಕ್ಕಳಿಗೆ ಗೊತ್ತಿರಬೇಕಾದಷ್ಟು ಗೊತ್ತಿಲ್ಲ. 1786ರಲ್ಲಿ ಟಿಪ್ಪು ಸುಲ್ತಾನ ಇದನ್ನು ಪಾಳೆಯಗಾರನಿಂದ ತೆಗೆದುಕೊಂಡು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಮರುಕಟ್ಟಿಸಿದ. ಬಯಲಲ್ಲಿ ಒಂದು ಕೋಟೆ, ಗುಡ್ಡದ ಮೇಲೆ ಇನ್ನೊಂದು. 1790ರಲ್ಲಿ ನಿಜಾಮನ ಮತ್ತು ಇಂಗ್ಲಿಷರ ಸೈನ್ಯ ಮುತ್ತಿಗೆ ಹಾಕಿತು. ಸುಮಾರು ಆರು ತಿಂಗಳು ಕೋಟೆ ಜಗ್ಗಲಿಲ್ಲ, 1791ರ ಏಪ್ರಿಲ್‌ನಲ್ಲಿ ಕೈಬಿಟ್ಟಿತು. ಆ ಮುತ್ತಿಗೆಯಲ್ಲಿದ್ದ ಜಾನ್ ಮಾಲ್ಕಂ ಎಂಬ ಎಳೆಯ ಅಧಿಕಾರಿ ಮುಂದೆ ದೊಡ್ಡ ಹೆಸರು ಮಾಡಿದ. ತಾನು ಕಂಡ ಅತಿ ಬಲವಾದ ಜಾಗ ಇದು ಎಂದು ಅವನು ಕೊಪ್ಪಳದ ಬಗ್ಗೆ ಬರೆದಿಟ್ಟ. ಕೊಪ್ಪಳದ ಕೂಗಳತೆಯಲ್ಲಿದ್ದ ಬಹದ್ದೂರಬಂಡಿಯ ಕೋಟೆಯೂ ಆಗಲೇ ಶರಣಾಯಿತು. ಬಹದ್ದೂರಬಂಡಿ ಈಗ ಹಳ್ಳಿ. ಯುದ್ಧ ಹೋಗಿ ಹೆಸರಷ್ಟೇ ಉಳಿದಿದೆ.

ಕೊಪ್ಪಳದ ಕೋಟೆ ಕೊನೆಯ ಸಲ ಗುಂಡಿನ ಸದ್ದು ಕೇಳಿದ್ದು ಇಂಗ್ಲಿಷರ ಮೇಲೆ ಬಂಡೆದ್ದ ಮುಂಡರಗಿ ಭೀಮರಾಯರ ದಿನಗಳಲ್ಲಿ. 1858ರ ಮೇ ಕೊನೆಯಲ್ಲಿ ಭೀಮರಾಯರು, ಹಮ್ಮಿಗಿಯ ಕೆಂಚನಗೌಡರು ತಮ್ಮ ಬಂಟರೊಡನೆ ಈ ಕೋಟೆ ಹಿಡಿದರು. ಬಳ್ಳಾರಿ ಕಡೆಯಿಂದ ಮೇಜರ್ ಹ್ಯೂಸ್ ಸೈನ್ಯ ತಂದ. ಜೂನ್ 1ರಂದು ಇಬ್ಬರೂ ಇಲ್ಲಿಯೇ ಬಿದ್ದರು. ಅವತ್ತಿನಿಂದ ಈ ಕೋಟೆ ಸೈನ್ಯಕ್ಕೆ ಬೇಡವಾಯಿತು. ಕೆಳಗಿನ ಊರು ಬೆಳೆಯಿತು. ರೈಲು ಬಂತು, ವ್ಯಾಪಾರ ಬಂತು, ಗವಿಸಿದ್ಧೇಶ್ವರನ ಜಾತ್ರೆಗೆ ಜನ ಸಾಗರವಾಗಿ ಬರತೊಡಗಿದರು. ಗುಡ್ಡದ ಮೇಲಿನ ಬುರುಜುಗಳು ಇದನ್ನೆಲ್ಲ ಮೇಲಿನಿಂದ ನೋಡುತ್ತ ಹಾಗೆಯೇ ನಿಂತಿವೆ. ಊರಿಗೂ ಕೋಟೆಗೂ ನಿತ್ಯದ ಒಡನಾಟ ಇಲ್ಲ. ಇದು ನನ್ನ ಮನಸ್ಸಿಗೆ ಹತ್ತಿದ ಕೊರಗು.

ಒಡನಾಟ ಇರುವ ಕೋಟೆ ನೋಡಬೇಕೆಂದರೆ ಆನೆಗುಂದಿಗೆ ಹೋಗಬೇಕು. ಗಂಗಾವತಿಯಿಂದ ಹೊರಟು, ಗದ್ದೆಗಳ ನಡುವೆ ಸಾಗಿ, ದುಂಡುಬಂಡೆಗಳ ಗುಡ್ಡ ಎದುರಾದಾಗ ರಸ್ತೆ ಕೋಟೆಯೊಳಗೆ ನುಗ್ಗುತ್ತದೆ. ಹಂಪಿಗಿಂತ ಮೊದಲೇ ರಾಜಧಾನಿಯಾಗಿದ್ದ ಊರು. ದೆಹಲಿಯ ತುಘಲಕನ ಸೈನ್ಯ ಬಂದು ಹೋದದ್ದು ಇಲ್ಲಿಗೆ. 1336ರಲ್ಲಿ ವಿಜಯನಗರ ತಲೆಯೆತ್ತಿದ್ದು ಇಲ್ಲಿಂದ ಹೊಳೆ ದಾಟಿ. 1565ರ ಸೋಲಿನ ನಂತರವೂ ಅರಸು ಮನೆತನದ ನೆನಪು ಉಳಿದದ್ದು ಇಲ್ಲಿ. ಟಿಪ್ಪುವಿನ ದಂಡು ಸುಟ್ಟದ್ದೂ ಇದೇ ಊರನ್ನು. ಇಷ್ಟು ದಂಡುಗಳನ್ನು ಕಂಡ ಊರು ಇವತ್ತಿಗೂ ಖಾಲಿಯಾಗಿಲ್ಲ ಎಂಬುದೇ ನನಗೆ ದೊಡ್ಡ ಬೆರಗು.

ಅಲ್ಲಿಯ ಹೆಬ್ಬಾಗಿಲಿನಲ್ಲಿ ಒಮ್ಮೆ ಮಧ್ಯಾಹ್ನ ಸುಮ್ಮನೆ ಕೂತಿದ್ದೆ. ಬಾಗಿಲು ನೇರವಾಗಿ ತೆರೆಯುವುದಿಲ್ಲ. ಒಂದು ಗೋಡೆಯನ್ನು ಬಳಸಿ, ತಿರುಗಿ, ಮತ್ತೆ ತಿರುಗಿ ಒಳಗೆ ಹೋಗಬೇಕು. ಆನೆ ಓಡಿ ಬಂದು ಗುದ್ದಬಾರದು ಎಂದು ಮಾಡಿದ ತಿರುವು ಅದು. ನೆಲದ ಕಲ್ಲಿನಲ್ಲಿ ಒಂದು ಗುಂಡನೆಯ ಕುಳಿ ಇದೆ, ನೆತ್ತಿಯ ಮೇಲೆ ಅದಕ್ಕೆ ನೇರವಾಗಿ ಇನ್ನೊಂದು. ಮರದ ಕದದ ತಿರುಗಣಿ ಕೂರುತ್ತಿದ್ದ ಕುಳಿಗಳು. ಕದ ಹೋಗಿ ಯಾವ ಕಾಲವಾಯಿತೋ, ಕುಳಿಯ ಒಳಮೈ ಮಾತ್ರ ಕನ್ನಡಿಯ ಹಾಗೆ ನುಣುಪು. ಬೆರಳಾಡಿಸಿ ನೋಡಿದೆ, ತಣ್ಣಗಿತ್ತು. ಅಷ್ಟರಲ್ಲಿ ಬಾಳೆಗೊನೆ ಹೇರಿದ ಗಾಡಿಯೊಂದು ಬಂತು. ಹುಡುಗ ತಿರುವಿನಲ್ಲಿ ಹಾರನ್ ಹೊಡೆದ. ಒಳಗಿನಿಂದ ಶಾಲೆ ಬಿಟ್ಟ ಮಕ್ಕಳು ಬರುತ್ತಿದ್ದರು, ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ಆನೆಯನ್ನು ತಡೆಯಲು ಮಾಡಿದ ತಿರುವು ಈಗ ಗಾಡಿಯ ವೇಗ ತಗ್ಗಿಸಿ ಮಕ್ಕಳನ್ನು ಕಾಯುತ್ತಿತ್ತು.

ಒಳಗೆ ರಂಗನಾಥನ ಗುಡಿ, ತೇರು, ಗಗನ ಮಹಲು, ಅಂಗಡಿ, ಮನೆ, ದನದ ಕೊಟ್ಟಿಗೆ, ಹೊಳೆಗೆ ಇಳಿಯುವ ದಾರಿ. ದೇವರು, ವ್ಯಾಪಾರ, ಬದುಕು ಬೇರೆಬೇರೆ ಓಣಿಗೆ ಹಂಚಿಹೋಗಿಲ್ಲ. 1997ರಿಂದ ಕಿಷ್ಕಿಂಧಾ ಟ್ರಸ್ಟ್ ಎಂಬ ಸಂಸ್ಥೆ ಇಲ್ಲಿ ಹಳೆಯ ಮನೆಗಳನ್ನು ದುರಸ್ತಿ ಮಾಡಿಸುತ್ತ, ಊರ ಹೆಣ್ಣುಮಕ್ಕಳಿಗೆ ಬಾಳೆನಾರಿನ ಕೈಕೆಲಸ ಕಲಿಸುತ್ತ ಬಂದಿದೆ. ಬಾಳೆ ಕಡಿದ ಮೇಲೆ ಗದ್ದೆ ಬದುವಿನಲ್ಲಿ ಕೊಳೆಯುತ್ತಿದ್ದ ದಿಂಡು ಹಗ್ಗವಾಗಿ, ಚೀಲವಾಗಿ, ಬುಟ್ಟಿಯಾಗಿ ಮಾರಾಟಕ್ಕೆ ಹೋಗುತ್ತದೆ. ಹಳೆಯ ನೆಲಕ್ಕೆ ಮರುಜೀವ ಎಂದರೆ ನನ್ನ ಕಣ್ಣಿಗೆ ಕಾಣುವುದು ಇದು. ಗೋಡೆ ಉಳಿಯಬೇಕು, ಗೋಡೆಯೊಳಗಿನ ಒಲೆಯೂ ಉರಿಯಬೇಕು. ಹೊಳೆಯ ಆಚೆ ದಡದಲ್ಲಿ ಹಂಪಿಯ ಬಜಾರಿನ ಮಂಟಪಗಳಲ್ಲಿದ್ದ ಮನೆ ಅಂಗಡಿಗಳನ್ನು 2011ರ ಜುಲೈನಲ್ಲಿ ಕೆಡವಿದಾಗ ಅಲ್ಲಿ ಸ್ಮಾರಕ ಸ್ವಚ್ಛವಾಯಿತು ಎಂದವರಿದ್ದಾರೆ. ಸ್ಮಾರಕಕ್ಕೆ ಕಾವಲು ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜನರನ್ನು ಎಬ್ಬಿಸುವ ಮೊದಲು ಅವರಿಗೆ ಬೇರೆ ಮನೆ ಕಟ್ಟಿಕೊಡಬೇಕಾಗಿತ್ತು.

ಆನೆಗುಂದಿಯ ಮಗ್ಗುಲಲ್ಲಿ ಕಡೆಬಾಗಿಲು ಎಂಬ ಊರಿದೆ. ಹೆಸರೇ ಕಥೆ ಹೇಳುತ್ತದೆ: ರಾಜಧಾನಿಯ ಕೊನೆಯ ಬಾಗಿಲು. ಕಾವಲಿಗೆ ನಿಂತವರ ಜಾಗ ಊರಾಯಿತು. ಹೀಗೆ ನಮ್ಮ ಜಿಲ್ಲೆಯ ಹಳ್ಳಿಗಳನ್ನು ಸುತ್ತಿದರೆ ಸೈನ್ಯದ ಮಾತು ಎಲ್ಲೆಲ್ಲೂ ಸಿಗುತ್ತದೆ. ಹಳ್ಳಿಗೊಂದು ಅಗಸಿ, ಗೌಡರದೋ ದೇಸಾಯರದೋ ಒಂದು ವಾಡೆ, ಅದರ ಪಕ್ಕ ಮಣ್ಣುಕಲ್ಲಿನ ಹುಡೇವು. ಕುಷ್ಟಗಿ, ಯಲಬುರ್ಗಾ ಕಡೆಯ ಬಯಲಲ್ಲಿ ಹುಡೇವು ಎರಡು ಹರದಾರಿ ದೂರದಿಂದಲೇ ಕಾಣುತ್ತದೆ. ದರೋಡೆಕೋರರು, ಪಿಂಡಾರಿಗಳು ಬರುವ ಕಾಲಕ್ಕೆ ಜನ ದನಕರು ಸಮೇತ ಅದರ ಆಸರೆಗೆ ಸೇರುತ್ತಿದ್ದರು. ಅಪಾಯ ಹೋದ ಮೇಲೆ ಹುಡೇವಿನ ನೆರಳಲ್ಲಿ ಸಂತೆ ಕೂತಿತು, ಅಗಸಿಯ ಕಟ್ಟೆಯ ಮೇಲೆ ಪಂಚಾಯಿತಿ ಕೂತಿತು, ವಾಡೆಯ ಪಡಸಾಲೆಯಲ್ಲಿ ಕನ್ನಡ ಶಾಲೆ ಕೂತಿತು. ದಳವಾಯಿ, ಕಿಲ್ಲೇದಾರ, ಜಮಾದಾರ, ಹವಾಲ್ದಾರ, ತಳವಾರ, ವಾಲೀಕಾರ ಎಂಬ ಅಡ್ಡಹೆಸರಿನ ಮಕ್ಕಳು ಆ ಶಾಲೆಗಳಲ್ಲಿ ಓದಿ ಮಾಸ್ತರರಾದರು, ನರ್ಸುಗಳಾದರು, ವಕೀಲರಾದರು.

ಈ ಅಡ್ಡಹೆಸರುಗಳ ಹಿಂದೆ ಭೂಮಿಯ ಲೆಕ್ಕವೂ ಇದೆ. ಕಾವಲು ಕಾಯುವ, ಓಲೆ ಒಯ್ಯುವ, ಕರೆದಾಗ ಕತ್ತಿ ಹಿಡಿದು ಬರುವ ಜನಕ್ಕೆ ನಗದು ಸಂಬಳ ಇರಲಿಲ್ಲ, ಚಾಕರಿ ಇನಾಮಿನ ಹೊಲ ಇತ್ತು. ಚಾಕರಿ ಮಾಡುವ ತನಕ ಹೊಲ. ಸ್ವಾತಂತ್ರ್ಯ ಬಂದ ಮೇಲೆ ಈ ಪದ್ಧತಿಗೆ ಕೊನೆ ಹೇಳಲಾಯಿತು. ಜಾಗೀರುಗಳು 1949ರಲ್ಲಿ ಹೋದವು, ಸಾಲಾರಜಂಗ್ ಜಾಗೀರಿನ ಕೊಪ್ಪಳ ಯಲಬುರ್ಗಾ ರಾಯಚೂರು ಜಿಲ್ಲೆಗೆ ಸೇರಿದವು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ಚಾಕರಿಯ ಹಂಗು ಕಳೆದು ಆ ಹೊಲಗಳು ಹಿಡುವಳಿದಾರರಿಗೇ ಮರುಮಂಜೂರಾಗುವ ದಾರಿ ತೆರೆಯಿತು. ಸೈನ್ಯದ ನೆಲ ಊರಿನ ನೆಲವಾದ ಚರಿತ್ರೆಯಲ್ಲಿ ಕೋಟೆಗಿಂತ ದೊಡ್ಡ ಅಧ್ಯಾಯ ಇದು. ಅದೆಲ್ಲ ನಡೆದದ್ದು ತಾಲೂಕು ಕಚೇರಿಯ ಕಡತದಲ್ಲಿ, ಒಬ್ಬೊಬ್ಬ ತಳವಾರನ ಮನೆಯ ಪಹಣಿಯಲ್ಲಿ. ಇಂದು ಪಟ್ಟಣಗಳ ಅಂಚಿನಲ್ಲಿ ಇಂಥ ಹೊಲಗಳು ನಿವೇಶನವಾಗುತ್ತಿವೆ. ಮಾರುವ ಮುನ್ನ ಆ ಮನೆಯವರು ತಮ್ಮ ಹಕ್ಕಿನ ಕಾಗದ ಸರಿಯಾಗಿ ಓದಿಸಿಕೊಳ್ಳಬೇಕು.

ಕ್ಯಾಂಪು ಎಂಬ ಮಾತಿನ ಪಯಣವನ್ನೂ ಇಲ್ಲಿ ನೆನೆಯಬೇಕು. ಅದೂ ದಂಡಿನ ಮಾತೇ. 1947-48ರಲ್ಲಿ ರಜಾಕಾರರ ಹಾವಳಿಯ ಕಾಲಕ್ಕೆ ನಿಜಾಮರ ಸೀಮೆಯ ಗಡಿಯಾಚೆ ಮುಂಡರಗಿಯಲ್ಲಿ, ಗಜೇಂದ್ರಗಡದಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಮುಂಡರಗಿ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂದಾಳು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಹೊಸಪೇಟೆಯ ಕಡೆಯಿಂದ ತುಂಗಭದ್ರೆಯ ಸೇತುವೆ ದಾಟಿ ಮುನಿರಾಬಾದಿಗೆ ಬಂತು. ಅಲ್ಲಿ ಆಗಲೇ ಇನ್ನೊಂದು ಬಗೆಯ ಕ್ಯಾಂಪು ಇತ್ತು, ಅಣೆಕಟ್ಟು ಕಟ್ಟುವವರದು. 1945ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟು 1953ರಲ್ಲಿ ನೀರು ಹಿಡಿಯಿತು. ಎಡದಂಡೆ ಕಾಲುವೆ ಹರಿದ ಮೇಲೆ ಆಂಧ್ರದ ಕಡೆಯಿಂದ ಒಕ್ಕಲು ಬಂದು ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯಲ್ಲಿ ಕಾಲುವೆ ಪಕ್ಕ ಗುಡಿಸಲು ಹಾಕಿದರು. ಆ ನೆಲೆಗಳಿಗೂ ಕ್ಯಾಂಪು ಎಂದೇ ಹೆಸರಾಯಿತು. ಇವತ್ತು ಗಂಗಾವತಿಯ ಹುಡುಗನಿಗೆ ಕ್ಯಾಂಪು ಎಂದರೆ ಬಂದೂಕಲ್ಲ, ಭತ್ತದ ಗದ್ದೆ, ಅಕ್ಕಿ ಗಿರಣಿ, ಸೋನಾಮಸೂರಿಯ ಚೀಲ.

ನಮ್ಮ ಸೀಮೆಯಲ್ಲಿ ಈ ಬದಲಾವಣೆ ಯೋಜನೆ ಹಾಕಿ ಆದದ್ದಲ್ಲ. ಯೋಜನೆ ಹಾಕಿ ಮಾಡಿದವರೂ ಇದ್ದಾರೆ. ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ 1992ರಲ್ಲಿ ಫ್ರೆಂಚ್ ಸೈನ್ಯ ಒಂದು ದೊಡ್ಡ ಬ್ಯಾರಕ್ಕು ಬಿಟ್ಟುಹೋಯಿತು. ನಗರಸಭೆ ಆ ನೆಲ ಕೊಂಡು ಇಡಿಯಾಗಿ ಒಬ್ಬ ಬಿಲ್ಡರನಿಗೆ ಕೊಡಲಿಲ್ಲ. ಸಣ್ಣ ಸಣ್ಣ ತುಂಡುಗಳಾಗಿ, ಕೂಡಿ ಮನೆ ಕಟ್ಟಿಕೊಳ್ಳುವ ಕುಟುಂಬಗಳ ಗುಂಪುಗಳಿಗೆ ಕೊಟ್ಟಿತು. ಕೆಲವು ಹಳೆಯ ಬ್ಯಾರಕ್ಕುಗಳನ್ನು ಕೆಡವದೆ ವಿದ್ಯಾರ್ಥಿಗಳ ವಸತಿ ಮಾಡಿದರು. ಮನೆ, ಅಂಗಡಿ, ಶಾಲೆ, ಟ್ರಾಮು ಒಂದರ ಮಗ್ಗುಲಲ್ಲಿ ಒಂದು. ಈಗ ಐದು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಬಾಳುತ್ತಾರೆ. ಆ ಬಡಾವಣೆಯ ಹೆಸರು ವೊಬಾನ್. ಫ್ರಾನ್ಸಿನಲ್ಲಿ ಕೋಟೆ ಕಟ್ಟುವ ವಿದ್ಯೆಗೆ ಮುನ್ನೂರು ವರ್ಷದ ಹಿಂದೆ ಹೆಸರಾದ ಎಂಜಿನಿಯರನ ಹೆಸರು ಅದು. ಟಿಪ್ಪುವಿಗೆ ಕೊಪ್ಪಳದ ಕೋಟೆ ಕಟ್ಟಿಕೊಟ್ಟವರು ಅವನ ನಾಡಿನವರು. ಅಲ್ಲಿ ಅವನ ಹೆಸರಿನ ಬ್ಯಾರಕ್ಕಿನಲ್ಲಿ ಮಕ್ಕಳು ಸೈಕಲ್ ತುಳಿಯುತ್ತಾರೆ. ಇಲ್ಲಿ ಅವನ ನಾಡಿನವರು ನಿಲ್ಲಿಸಿದ ಗೋಡೆಯ ಸಂದಿಯಲ್ಲಿ ಆಲದ ಬೇರು ಇಳಿಯುತ್ತಿದೆ.

ನಮ್ಮ ರಾಜ್ಯದ ದೊಡ್ಡ ಉದಾಹರಣೆ ಬೆಂಗಳೂರು. ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ 1809ರ ಹೊತ್ತಿಗೆ ಬೆಂಗಳೂರಿಗೆ ಬಂದ ದಂಡು ಹಳೆಯ ಪೇಟೆಯ ಪಕ್ಕ ಇನ್ನೊಂದು ಊರನ್ನೇ ಕಟ್ಟಿತು. 1947ರ ಜುಲೈನಲ್ಲಿ ಅದು ಮೈಸೂರಿಗೆ ಮರಳಿತು, 1949ರಲ್ಲಿ ಪೇಟೆ ಮತ್ತು ದಂಡು ಸೇರಿ ಒಂದೇ ನಗರಪಾಲಿಕೆಯಾಯಿತು. ಲಿಂಗಸುಗೂರಿನ ಕಸಬಾ ಮತ್ತು ಛಾವಣಿಯ ಕಥೆಯೇ ಅಲ್ಲಿ ದೊಡ್ಡ ಅಕ್ಷರದಲ್ಲಿ ನಡೆಯಿತು. ಈಗ ಕೇಂದ್ರ ಸರ್ಕಾರ ದೇಶದ ದಂಡುಪ್ರದೇಶಗಳ ನಾಗರಿಕ ಭಾಗವನ್ನು ಪಕ್ಕದ ಪುರಸಭೆ, ಪಾಲಿಕೆಗಳಿಗೆ ಒಪ್ಪಿಸಲು ಹೊರಟಿದೆ. ಹಿಮಾಚಲದ ಯೋಲ್ 2023ರ ಏಪ್ರಿಲ್‌ನಲ್ಲಿ ಮೊದಲು ಹೋಯಿತು. 1832ರಿಂದ ಇರುವ ಬೆಳಗಾವಿಯ ದಂಡುಪ್ರದೇಶದ ಬಗೆಗೂ ಇದೇ ಮಾತು ನಡೆದಿದೆ. ಅಲ್ಲಿಯ ಜನ ಎಚ್ಚರವಾಗಿರಬೇಕು. ನೆಲ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಅದರಲ್ಲಿ ಮರ ಎಷ್ಟು, ಮೈದಾನ ಎಷ್ಟು, ಬಡವರ ಮನೆ ಎಷ್ಟು ಎಂಬುದನ್ನು ಕೈಬದಲಾಗುವ ಹೊತ್ತಿನಲ್ಲೇ ಕೇಳಬೇಕು. ಆಮೇಲೆ ಕೇಳಿದರೆ ಉತ್ತರ ಸಿಗುವುದಿಲ್ಲ.

ಕೊಪ್ಪಳದವರಾದ ನಾವು ಕೇಳಬೇಕಾದದ್ದೂ ಇದೇ. ಕೋಟೆಯ ನೆಲವನ್ನು ಗಟ್ಟಿಯಾಗಿ ಅಳೆದು, ಗಡಿಕಲ್ಲು ಹಾಕಿ, ಆ ನಕ್ಷೆಯನ್ನು ಎಲ್ಲರೂ ನೋಡುವಂತೆ ನಗರಸಭೆಯ ಗೋಡೆಗೆ ಹಚ್ಚಬೇಕು. ಗುಡ್ಡ ಹತ್ತುವ ಮೆಟ್ಟಿಲು ದುರಸ್ತಿಯಾಗಬೇಕು, ಕುಡಿಯುವ ನೀರು, ಕೂರಲು ನೆರಳು ಇರಬೇಕು. ಭೀಮರಾಯರು, ಕೆಂಚನಗೌಡರು ಬಿದ್ದ ಜೂನ್ 1ನೇ ತಾರೀಖು ಪ್ರತಿ ವರ್ಷ ಊರ ಶಾಲೆಗಳ ಮಕ್ಕಳು ಆ ಕೋಟೆ ಹತ್ತಬೇಕು. ಬುಡದ ಓಣಿಗಳವರನ್ನು ಒತ್ತುವರಿದಾರರೆಂದು ನೋಡುವ ಮೊದಲು ಅವರ ಮನೆಯ ಕಾಗದ ನೋಡಬೇಕು. ಎಷ್ಟೋ ಮನೆತನಗಳು ಆ ಗೋಡೆಯನ್ನು ತಲೆತಲಾಂತರದಿಂದ ಕಾಯ್ದವರೇ ಆಗಿರುತ್ತಾರೆ.

ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಅಟ್ಟದ ಮೇಲೆ, ಹಿರಿಯರ ಟ್ರಂಕಿನ ಅಡಿಯಲ್ಲಿ ಉರ್ದುವಿನಲ್ಲೋ ಮೋಡಿಯಲ್ಲೋ ಬರೆದ ಹಳೆಯ ಸನದು, ಜಾಗೀರಿನ ಕಂದಾಯ ರಸೀದಿ, ಇನಾಮಿನ ಪತ್ರ, ಛಾವಣಿಯ ಕಚೇರಿಯ ಮೊಹರು ಬಿದ್ದ ಅರ್ಜಿ ಇದ್ದರೆ, ಓದಲು ಬರುವುದಿಲ್ಲ ಎಂದು ಒಲೆಗೆ ಹಾಕಬೇಡಿ. ಮೂಲ ನಿಮ್ಮ ಮನೆಯಲ್ಲೇ ಇರಲಿ. ಒಂದು ಝೆರಾಕ್ಸ್ ಮಾಡಿಸಿ, ಹಾಳೆಯ ಹಿಂದೆ ಊರು ಮತ್ತು ಮನೆತನದ ಹೆಸರು ಬರೆದು, ನಿಮ್ಮ ತಾಲೂಕಿನ ಗ್ರಂಥಾಲಯಕ್ಕೆ ಕೊಡಿ.